ಕಿಟಕಿ ಪಕ್ಕದ ಕುರ್ಚಿ

ಜನವರಿ 6

ಪ್ರೀತಿಯ ಅಕ್ಕ,

ಫೋನಿನಲ್ಲಿ ನಿನಗೆ ಕೇಳಿಸುವುದಿಲ್ಲ. ಮೊಬೈಲಿನ ಪುಟ್ಟ ಅಕ್ಷರ ಓದಿದರೆ ಕಣ್ಣು ಉರಿಯುತ್ತದೆ ಎನ್ನುತ್ತೀಯ. ಹೀಗಾಗಿ ಈ ಕಾಲದಲ್ಲೂ ನಾನು ಅಂಚೆ ಕಚೇರಿಗೆ ಖಾಯಂ ಗಿರಾಕಿ. ಮೊನ್ನೆ ಅಲ್ಲಿಯವರು “ಟೀಚರೇ, ನಿಮ್ಮಕ್ಕ ಹೇಗಿದ್ದಾರೆ?” ಎಂದು ಅವರಾಗಿಯೇ ಕೇಳಿದರು.

ವಿಷಯ ಇಷ್ಟು. ಫೆಬ್ರವರಿ ಒಂಬತ್ತಕ್ಕೆ ಅಮ್ಮನಿಗೆ ಎಂಬತ್ತು ತುಂಬುತ್ತದೆ. ಅದೃಷ್ಟಕ್ಕೆ ಭಾನುವಾರವೇ ಬಂದಿದೆ. ನಮ್ಮ ಮನೆಯಲ್ಲೇ ಮಧ್ಯಾಹ್ನ ಎಲ್ಲರೂ ಸೇರಿ ಊಟ ಮಾಡೋಣ ಎಂದುಕೊಂಡಿದ್ದೇವೆ. ಮೈಕಿನ ಹಾಗೆ ಕೂಗುವ ನಿನ್ನ ತಮ್ಮ ಮೈಕಣ್ಣ, ಅವನ ಸಂಸಾರ, ಚಿಕ್ಕಮ್ಮನ ಮಕ್ಕಳು, ನನ್ನ ಮಗಳು, ಮೊಮ್ಮಗಳು ಎಲ್ಲ ಸೇರಿ ಇಪ್ಪತ್ತೆರಡು ಜನ. ನೀನು ಬಂದರೆ ಇಪ್ಪತ್ಮೂರು.

ಎರಡು ವರ್ಷದಿಂದ ನೀನು ಯಾವ ಕೂಟಕ್ಕೂ ಬಂದಿಲ್ಲ. ಪ್ರತಿ ಸಲವೂ ಬೈಂಡಿಂಗ್ ಕೋಣೆಯಲ್ಲಿ ಕೆಲಸ ಹೆಚ್ಚು ಎನ್ನುತ್ತೀಯ. ಲೈಬ್ರರಿಯ ಹಳೇ ಪುಸ್ತಕಗಳೆಲ್ಲ ನಮ್ಮ ಮನೆ ಊಟದ ದಿನ ನೋಡಿಕೊಂಡೇ ಹರಿಯುತ್ತವೆಯೋ ಏನೋ. ಅಮ್ಮ ನಿನ್ನೆ ಕೇಳಿದಳು, “ದೊಡ್ಡೋಳಿಗೆ ನಮ್ಮ ಮೇಲೆ ಏನೋ ಸಿಟ್ಟಿದೆ ಅಲ್ವಾ? ನಾನೇನಾದ್ರೂ ಅಂದ್ನಾ?” ಅವಳ ಪ್ರಶ್ನೆ ನನ್ನದೂ ಹೌದು.

ಈ ಸಲ ಬಾ.

ನಿನ್ನ ತಂಗಿ

—

ಜನವರಿ 14

ತಂಗಿ,

ಸಿಟ್ಟಿಲ್ಲ ಮಾರಾಯ್ತಿ. ಸಿಟ್ಟಿದ್ದರೆ ಸುಲಭವಿತ್ತು, ಒಂದು ದಿನ ಜಗಳ ಆಡಿ ಮುಗಿಸಬಹುದಿತ್ತು.

ಎರಡು ವರ್ಷದ ಹಿಂದೆ ಮೈಕಣ್ಣ ಹೊಸ ಮನೆಗೆ ಹೋದಾಗ ಊಟಕ್ಕೆ ಸೇರಿದ್ದೆವಲ್ಲ, ಅವತ್ತು ನನ್ನ ಪಕ್ಕ ಅವನ ಜೊತೆ ಕೆಲಸ ಮಾಡುವ ಎಲೆಕ್ಟ್ರಿಷಿಯನ್ ಒಬ್ಬ ಕೂತಿದ್ದ. ಒಳ್ಳೆಯ ಮನುಷ್ಯ. ಕೈಗೇ ಸೀನಿ, ಅದೇ ಕೈಯಲ್ಲಿ ನನಗೆ ಪ್ರೀತಿಯಿಂದ ಬಡಿಸಿದ. ಬೇಡ ಎನ್ನಲು ಸಂಕೋಚ. ಮೂರನೇ ದಿನಕ್ಕೆ ಜ್ವರ. ನಿನಗೆ “ಸ್ವಲ್ಪ ಜ್ವರ” ಎಂದು ಬರೆದೆ. ಅದು ಸ್ವಲ್ಪವಾಗಿರಲಿಲ್ಲ. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದೆ. ಡಾಕ್ಟರು ಹೇಳಿದ್ದು ಇನ್ನೂ ಕಿವಿಯಲ್ಲಿದೆ, ಕಿವಿಗೆ ಬಿದ್ದ ಮಾತೇ ಕಡಿಮೆ ಆದ್ದರಿಂದ ಮರೆಯುವುದೂ ಇಲ್ಲ: “ನೋಡಿ, ಬೇರೆಯವರಿಗೆ ಬರೋದು ಬರೀ ಜ್ವರ. ನಿಮಗೆ ಬಂದ್ರೆ ಶುಗರನ್ನೂ ಏರಿಸುತ್ತೆ. ಶುಗರ್ ಏರಿದ್ರೆ ಜ್ವರ ಇಳಿಯಲ್ಲ. ಎರಡೂ ಒಂದನ್ನೊಂದು ಎಳ್ಕೊಂಡು ಹೋಗ್ತವೆ.”

ಅಂದಿನಿಂದ ಜನ ಸೇರುವ ಕಡೆ ಕಾಲಿಡಲು ಭಯ. ಆದರೆ ಅಮ್ಮನಿಗೆ ಎಂಬತ್ತು ತುಂಬುವುದು ಒಂದೇ ಸಲ. ಬರುತ್ತೇನೆ. ನಾಚಿಕೆ ಬಿಟ್ಟು ನಾಲ್ಕು ಮಾತು ಕೇಳುತ್ತೇನೆ, ತಪ್ಪು ತಿಳಿಯಬೇಡ. ಶೀತ, ಕೆಮ್ಮು, ಜ್ವರ ಇದ್ದವರು ದಯವಿಟ್ಟು ಅವತ್ತು ಬರುವುದು ಬೇಡ. ನನಗೆ ಕಿಟಕಿ ಪಕ್ಕ ಒಂದು ಕುರ್ಚಿ ಹಾಕು, ಕಿಟಕಿ ತೆಗೆದಿರಲಿ. ನಾನೇ ಬಡಿಸಿಕೊಳ್ಳುತ್ತೇನೆ, ಎಲ್ಲರಿಗಿಂತ ಮೊದಲು. ತಬ್ಬಿಕೊಳ್ಳುವುದು, ಕೈ ಹಿಡಿಯುವುದು ಬೇಡ, ಅಮ್ಮನೊಬ್ಬಳನ್ನು ಬಿಟ್ಟು. ಲಸಿಕೆ ಹಾಕಿಸಿಕೊಂಡಿದ್ದೇನೆ. ಮಾಸ್ಕ್ ಹಾಕಿಕೊಂಡೇ ಕೂರುತ್ತೇನೆ.

ಐವತ್ತೆಂಟು ವರ್ಷಕ್ಕೆ ಇಷ್ಟೊಂದು ಬಿಗುಮಾನದ ನೆಂಟಳಾಗಿದ್ದೇನೆ. ಬೇರೆ ದಾರಿ ಕಾಣುತ್ತಿಲ್ಲ.

ಅಕ್ಕ

—

ಜನವರಿ 22

ಅಕ್ಕ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಮೊದಲನೇ ಸಲ ಸ್ವಲ್ಪ ಬೇಜಾರಾಯಿತು, ಸುಳ್ಳು ಹೇಳುವುದಿಲ್ಲ. ನಮ್ಮ ಮನೆಯೇನು ರೋಗದ ಗೂಡೇ ಅನ್ನಿಸಿತು. ಎರಡನೇ ಸಲ ಓದುವಾಗ ಹನ್ನೊಂದು ದಿನ ಎಂಬಲ್ಲಿ ನಿಂತುಬಿಟ್ಟೆ. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದೆ, ನನಗೆ ಬರೆದದ್ದು “ಸ್ವಲ್ಪ ಜ್ವರ” ಎಂದಷ್ಟೇ. ಇದಕ್ಕೆ ಏನನ್ನಬೇಕು ನೀನೇ ಹೇಳು.

ಎಲ್ಲರಿಗೂ ಹೇಳಿದ್ದೇನೆ. ಮೈಕಣ್ಣ ಆ ಕಡೆಯಿಂದ ಫೋನು ಒಡೆದುಹೋಗುವ ಹಾಗೆ ನಕ್ಕ. “ಬರ್ತಿರೋದು ಅಕ್ಕಾನಾ, ಆರೋಗ್ಯ ಇಲಾಖೆಯಾ?” ಎಂದ. ಆಮೇಲೆ ತಾನಾಗಿಯೇ ಮೆತ್ತಗಾದ. “ಅವತ್ತು ನಮ್ಮನೇಲಿ ಆಗಿದ್ದಾ ಅದು? ನಂಗ್ಯಾರೂ ಹೇಳ್ಲೇ ಇಲ್ವಲ್ಲೇ,” ಎಂದ.

ಮೊಮ್ಮಗಳು ಚುಕ್ಕಿಗೆ ಈಗ ಐದು. ನಿನ್ನನ್ನು ಫೋಟೋದಲ್ಲಿ ನೋಡಿದ್ದಷ್ಟೇ ಅವಳಿಗೆ ನೆನಪು. ದೊಡ್ಡಜ್ಜಿಗೆ ಕಿವಿ ಕೇಳಿಸುವುದಿಲ್ಲ, ಜೋರಾಗಿ ಕರೆಯಬೇಕು ಎಂದು ಹೇಳಿಕೊಟ್ಟಿದ್ದೇನೆ. ದಿನಾ ಶಾಲೆಯಿಂದ ಬಂದವಳೇ ಮಹಡಿಯಲ್ಲಿ ನಿಂತು “ದೊಡ್ಡಜ್ಜೀ” ಎಂದು ಅಭ್ಯಾಸ ಮಾಡುತ್ತಾಳೆ. ಎದುರು ಮನೆಯ ದರ್ಜಿ ಹೊಲಿಗೆ ನಿಲ್ಲಿಸಿ ಮೇಲೆ ನೋಡುತ್ತಾನೆ.

ಕುರ್ಚಿ ಹಾಕಿರುತ್ತೇನೆ. ಕಿಟಕಿಯನ್ನೂ ತೆಗೆದಿರುತ್ತೇನೆ. ನೀನು ಬಾ ಅಷ್ಟೇ.

ತಂಗಿ

—

ಫೆಬ್ರವರಿ 11

ತಂಗಿ,

ನಿನ್ನೆ ಕೆಲಸಕ್ಕೆ ಹೋಗಿ ಕೂತರೂ ಕೈಯಲ್ಲಿ ಸೂಜಿ, ಮನಸ್ಸು ನಿಮ್ಮ ಮನೆ ಹಜಾರದಲ್ಲಿ. ಎಷ್ಟು ಹೆದರಿಕೊಂಡು ಬಂದಿದ್ದೆ ಗೊತ್ತೇ. ರೈಲಿನಲ್ಲಿ ಯಾರು ಗಂಟಲು ಸರಿಮಾಡಿಕೊಂಡರೂ ಆ ಕಡೆ ತಿರುಗಿ ನೋಡುತ್ತಿದ್ದೆ. ನಿಮ್ಮ ಬಾಗಿಲಲ್ಲಿ ನಿಂತಾಗಲೂ ವಾಪಸ್ಸು ಹೋಗಲೇ ಎಂಬ ಯೋಚನೆ ಇತ್ತು. ಅಮ್ಮ ಎದ್ದು ಬಂದು ನನ್ನ ಮಾಸ್ಕಿನ ಮೇಲೆಯೇ ಕೆನ್ನೆ ಸವರಿದಳು. ಆಮೇಲೆ ಭಯ ನೆನಪಿಗೇ ಬರಲಿಲ್ಲ.

ಎಲ್ಲರೂ ಎಷ್ಟು ಜಾಗ್ರತೆಯಾಗಿದ್ದರು. ನನ್ನ ಕುರ್ಚಿಯ ಸುತ್ತ ಗೆರೆ ಎಳೆದ ಹಾಗೆ ದೂರ ನಿಂತೇ ಮಾತಾಡಿಸಿದರು. ಮೈಕಣ್ಣ ಕೋಣೆಯ ಆ ತುದಿಯಲ್ಲಿದ್ದರೂ ಅವನೊಬ್ಬನ ಮಾತು ಮಾತ್ರ ನನಗೆ ಪೂರ್ತಿ ಕೇಳಿಸಿತು. ಯಾಕೋ ಅವತ್ತು ಬಹಳ ನಗುತ್ತಿದ್ದ. ಹೇಳಿದ ಜೋಕನ್ನೇ ಮತ್ತೆ ಹೇಳಿ ನಗುತ್ತಿದ್ದ. ವಯಸ್ಸಾಯಿತು ಅವನಿಗೂ.

ಚುಕ್ಕಿಯನ್ನು ನೋಡಲಾಗಲಿಲ್ಲ ಎಂಬುದೊಂದೇ ಕೊರತೆ. ಅವಳ ಅಪ್ಪನ ಕಡೆಯವರ ಮನೆಗೆ ಹೋಗಿದ್ದಾಳೆ ಎಂದೆ ನೀನು. ಅದಕ್ಕೇ ಇರಬೇಕು, ನಿನ್ನ ಮಗಳ ಮುಖ ಬಾಡಿತ್ತು. ಊಟಕ್ಕೂ ಐದು ನಿಮಿಷ ಕೂರಲಿಲ್ಲ. ಚುಕ್ಕಿಗೆಂದು ನಾನೇ ಹೊಲಿದು ತಂದ ಕೆಂಪು ರಟ್ಟಿನ ಪುಸ್ತಕ ಮೇಜಿನ ಮೇಲಿಟ್ಟಿದ್ದೇನೆ. ಒಳಗೆ ಖಾಲಿ ಹಾಳೆ. ಏನು ಬೇಕಾದರೂ ಗೀಚಲಿ.

ನೀನು ಮಾತ್ರ ಅಡುಗೆಮನೆ ಬಿಟ್ಟು ಈಚೆ ಬರಲೇ ಇಲ್ಲ. ಹೊರಡುವಾಗ ನಾನೇ ನನ್ನ ನಿಯಮ ಮುರಿದು ನಿನ್ನನ್ನು ತಬ್ಬಿಕೊಂಡೆ. ತಡೆಯಲಾಗಲಿಲ್ಲ. ಒಲೆ ಮುಂದೆ ನಿಂತೂ ನಿಂತೂ ನಿನ್ನ ಕೆನ್ನೆ ಬಿಸಿಯಾಗಿತ್ತು. ಇನ್ನು ಮೇಲೆ ಅಷ್ಟು ಜನಕ್ಕೆ ಒಬ್ಬಳೇ ಅಡುಗೆ ಮಾಡಬೇಡ.

ಅಕ್ಕ

—

ಫೆಬ್ರವರಿ 18

ಅಕ್ಕ,

ನಿನ್ನ ಕಾಗದ ಬಂತು. ನೀನು ಹುಷಾರಾಗಿದ್ದೀಯ ತಾನೆ?

ಇಲ್ಲಿ ಎಲ್ಲ ಸರಿ. ಅಮ್ಮನಿಗೆ ಒಂದೆರಡು ದಿನ ಮೈ ಬಿಸಿ ಇತ್ತು, ಈಗ ಎದ್ದು ಓಡಾಡುತ್ತಿದ್ದಾಳೆ. ಅವಳದ್ದು ಗಟ್ಟಿ ಜೀವ. ನನಗೆ ಶಾಲೆಗೆ ನಾಲ್ಕು ದಿನ ರಜೆ ಇತ್ತು, ಮನೆಯಲ್ಲೇ ಇದ್ದೆ.

ನಿನಗೆ ಗಂಟಲು, ಮೈಕೈ ನೋವು ಅಂಥದ್ದೇನೂ ಇಲ್ಲವಲ್ಲ? ಶುಗರ್ ನೋಡಿಕೊಳ್ಳುತ್ತಿದ್ದೀಯ? ನೋವು ಏನಾದರೂ ಇದ್ದರೆ ತಡಮಾಡದೆ ಡಾಕ್ಟರ ಹತ್ತಿರ ಹೋಗು. ಸುಮ್ಮನೆ ಕೇಳಿದೆ. ಈ ಕಾಗದ ಸಿಕ್ಕ ತಕ್ಷಣ ಎರಡು ಸಾಲು ಬರೆ. ಹುಷಾರಾಗಿದ್ದೇನೆ ಎಂದಷ್ಟೇ ಬರೆದರೂ ಸಾಕು.

ತಂಗಿ

—

ಮಾರ್ಚ್ 9

ತಂಗಿ,

ಪೆನ್ಸಿಲಿನಲ್ಲಿ ಬರೆಯುತ್ತಿದ್ದೇನೆ. ಮಲಗಿ ಬರೆದರೆ ಪೆನ್ನು ಮೂಡುವುದಿಲ್ಲ. ನಿನ್ನ ಕಾಗದವನ್ನು ಪಕ್ಕದ ಮನೆಯ ನರ್ಸಮ್ಮ ಮೊನ್ನೆಯಷ್ಟೇ ಆಸ್ಪತ್ರೆಗೆ ತಂದುಕೊಟ್ಟರು.

ಫೆಬ್ರವರಿ ಹನ್ನೆರಡನೇ ತಾರೀಖು ಸಂಜೆಗೇ ಚಳಿ ಶುರುವಾಯಿತು. ಮರುದಿನ ಶುಗರ್ ನೋಡುವ ಮೀಟರಿನಲ್ಲಿ ಸಂಖ್ಯೆ ಬರಲಿಲ್ಲ, ಬರೀ “ಹೈ” ಎಂದು ತೋರಿಸಿತು. ಕೆಟ್ಟಿದೆ ಎಂದುಕೊಂಡು ಬ್ಯಾಟರಿ ಬದಲಿಸಿದೆ. ಕೆಟ್ಟದ್ದು ಮೀಟರ್ ಅಲ್ಲ. ಫ್ಲೂ ಎಂದರು, ಆಮೇಲೆ ನಿಮೋನಿಯಾ ಎಂದರು. ಆರು ದಿನ ಏನೂ ನೆನಪಿಲ್ಲ. ಕೈಗೆ ಸೂಜಿ ಸಿಕ್ಕಿಸಿ ಇನ್ಸುಲಿನ್ ಬಿಡುತ್ತಲೇ ಇದ್ದರಂತೆ.

ನಿನಗೆ ಒಂದು ವಿಷಯ ಹೇಳಿರಲಿಲ್ಲ. ಎರಡು ವರ್ಷದ ಹಿಂದೆ ಆ ಹನ್ನೊಂದು ದಿನದಲ್ಲಿ ಬಲಗಾಲಿನ ಎರಡು ಬೆರಳು ತೆಗೆದರು. ಅಮ್ಮನ ಹುಟ್ಟುಹಬ್ಬಕ್ಕೆ ಶೂ ತುದಿಗೆ ಹತ್ತಿ ತುಂಬಿ ಹಾಕಿಕೊಂಡು ಬಂದಿದ್ದೆ. ಯಾರಿಗೂ ಗೊತ್ತಾಗಲಿಲ್ಲ, ಅದೊಂದು ಹೆಮ್ಮೆ ನನಗೆ. ಈಗ ಅದೇ ಪಾದ ಕಪ್ಪಾಗುತ್ತಿದೆ. ಎಲ್ಲಿಯವರೆಗೆ ತೆಗೆಯಬೇಕು ಎಂದು ಡಾಕ್ಟರುಗಳು ನನ್ನ ಕಾಲ ಹತ್ತಿರ ನಿಂತು ಮಾತಾಡುತ್ತಾರೆ. ಕೇಳಿಸುವುದಿಲ್ಲ, ಆದರೆ ಬೆರಳಿನಲ್ಲಿ ಗೆರೆ ಎಳೆದು ತೋರಿಸಿಕೊಳ್ಳುವುದು ಕಾಣುತ್ತದೆ.

ಒಂದು ಕೇಳುತ್ತೇನೆ, ಸಿಟ್ಟಿನಿಂದಲ್ಲ. ಅವತ್ತು ಯಾರಿಗಾದರೂ ಹುಷಾರಿರಲಿಲ್ಲವೇ? ಮಲಗಿ ಮಲಗಿ ಒಬ್ಬೊಬ್ಬರ ಮುಖವನ್ನೂ ನೆನಪಿಗೆ ತಂದುಕೊಂಡೆ. ಮೈಕಣ್ಣ ಅಷ್ಟು ನಕ್ಕದ್ದು ಕೆಮ್ಮು ಮುಚ್ಚಿಕೊಳ್ಳುವುದಕ್ಕೇ? ಅವನ ಮೇಲೆ ಅನುಮಾನ ಪಡಲು ಮನಸ್ಸಿಲ್ಲ. ಆದರೆ ಇಲ್ಲಿ ಬೇರೆ ಕೆಲಸವೂ ಇಲ್ಲ.

ಅಕ್ಕ

—

ಮಾರ್ಚ್ 16

ಅಕ್ಕ,

ಅವನಲ್ಲ. ನಾನು.

ಅಮ್ಮನ ಹುಟ್ಟುಹಬ್ಬದ ಹಿಂದಿನ ಶುಕ್ರವಾರ ನನ್ನ ತರಗತಿಯಲ್ಲಿ ಮೂವತ್ತಕ್ಕೆ ಹನ್ನೊಂದು ಮಕ್ಕಳು ಬಂದಿರಲಿಲ್ಲ. ಬಂದವರಲ್ಲಿ ಒಬ್ಬಳು ನನ್ನ ಮಡಿಲಲ್ಲೇ ಕೂತು ಕೆಮ್ಮಿದಳು. ಸಂಜೆಗೆ ಗಂಟಲು ಕೆರೆಯಿತು. ಕೂಗಿ ಕೂಗಿ ಪಾಠ ಮಾಡಿದ್ದಕ್ಕೆ ಎಂದುಕೊಂಡೆ. ಶನಿವಾರ ಮಾತ್ರೆ ನುಂಗಿದೆ. ಭಾನುವಾರ ಬೆಳಿಗ್ಗೆ ಎದ್ದಾಗ ಮೈಯೆಲ್ಲ ನೋವು, ಒಳಗೆ ಬಿಸಿ. ಥರ್ಮಾಮೀಟರ್ ಕೈಗೆ ತೆಗೆದುಕೊಂಡೆ, ಮತ್ತೆ ಡಬ್ಬಿಯಲ್ಲೇ ಇಟ್ಟೆ. ನೋಡಿದರೆ ಗೊತ್ತಾಗುತ್ತದೆ, ಗೊತ್ತಾದರೆ ಹೇಳಬೇಕಾಗುತ್ತದೆ. ನೀನು ಆಗಲೇ ರೈಲು ಹತ್ತಿದ್ದೆ. ಅಮ್ಮ ಸ್ನಾನ ಮುಗಿಸಿ ಹೊಸ ಬಟ್ಟೆ ಉಟ್ಟು ಏಳು ಗಂಟೆಗೇ ಬಾಗಿಲ ಹತ್ತಿರ ಕೂತಿದ್ದಳು. ನಮ್ಮವರಿಗೂ ಹೇಳಲಿಲ್ಲ. ಅಡುಗೆಮನೆಯಲ್ಲೇ ಇದ್ದರೆ ಸಾಕು, ನಿನ್ನ ಹತ್ತಿರ ಸುಳಿಯದಿದ್ದರೆ ಸಾಕು ಎಂದು ನನಗೆ ನಾನೇ ಹೇಳಿಕೊಂಡೆ. ಸಂಜೆಯವರೆಗೂ ಹಾಗೇ ಮಾಡಿದೆ. ಹೊರಡುವಾಗ ನೀನು ಎರಡೂ ತೋಳು ಚಾಚಿಕೊಂಡು ಬಂದೆ. ಹಿಂದೆ ಸರಿಯಬಹುದಿತ್ತು, ಅಕ್ಕ. ಒಂದು ಹೆಜ್ಜೆ. ಎರಡು ವರ್ಷದ ಮೇಲೆ ನೀನು ತಬ್ಬಿಕೊಳ್ಳಲು ಬಂದಾಗ ನನಗೆ ಆ ಒಂದು ಹೆಜ್ಜೆ ಇಡಲಾಗಲಿಲ್ಲ.

ಇನ್ನೊಂದಿದೆ. ಚುಕ್ಕಿ ಎಲ್ಲಿಗೂ ಹೋಗಿರಲಿಲ್ಲ. ಅವಳ ಮೂಗು ಸುರಿಯುತ್ತಿತ್ತು. ನಿನಗೆ ಮಾತು ಕೊಟ್ಟಿದ್ದೆನಲ್ಲ, ಅದಕ್ಕೆ ಅವಳನ್ನು ಮಹಡಿ ಕೋಣೆಯಲ್ಲಿ ಕೂಡಿಹಾಕಿ ಮಗಳನ್ನು ಕಾವಲಿಗೆ ಬಿಟ್ಟೆ. ನೀನು ಬಂದದ್ದು ಕಿಟಕಿಯಿಂದ ಕಂಡಿದೆ. ಕರೆದಳು. ಹೇಳಿಕೊಟ್ಟ ಹಾಗೇ, ಅಷ್ಟೇ ಜೋರಾಗಿ. ಮಧ್ಯಾಹ್ನವೆಲ್ಲ ಕರೆದಳು. ನಿನ್ನನ್ನು ಬಿಟ್ಟು ಎಲ್ಲರಿಗೂ ಕೇಳಿಸಿತು. ಅವಳು ಕೂಗಿದಾಗೆಲ್ಲ ಎಲ್ಲರ ಕಣ್ಣು ಮೆಟ್ಟಿಲ ಕಡೆ ಹೋಗುತ್ತಿತ್ತು. ನೀನು ಅದನ್ನು ನೋಡಬಾರದು ಎಂದು ಮೈಕಣ್ಣ ಜೋರಾಗಿ ನಗುತ್ತಿದ್ದ, ನೀನು ಅವನ ಕಡೆ ತಿರುಗಲಿ ಎಂದು.

ಆ ಮಂಗಳವಾರ ಚುಕ್ಕಿಯನ್ನು ಡಾಕ್ಟರಿಗೆ ತೋರಿಸಿದೆವು. ಅವಳದ್ದು ಬರೀ ಧೂಳಿನ ಅಲರ್ಜಿಯಂತೆ. ಯಾರಿಗೂ ಅಂಟುವುದಿಲ್ಲ ಎಂದರು. ಅದೇ ದಿನ ನನಗೆ ಪರೀಕ್ಷೆ ಮಾಡಿ ಫ್ಲೂ ಎಂದರು. ನಿನಗೆ ಕಾಗದ ಬರೆಯಲು ಕೂತೆ. ಕೊನೆಗೆ ಬರೆದದ್ದು ಹುಷಾರಾಗಿದ್ದೀಯ ಎಂಬುದೊಂದೇ.

ಏನು ಬೇಕಾದರೂ ಅನ್ನು. ಸುಮ್ಮನೆ ಮಾತ್ರ ಇರಬೇಡ.

ತಂಗಿ

—

ಏಪ್ರಿಲ್ 4

ತಂಗಿ,

ಮಾರ್ಚ್ ಇಪ್ಪತ್ತೊಂದಕ್ಕೆ ಕಾಲು ತೆಗೆದರು. ಮೊಣಕಾಲಿನ ಕೆಳಗೆ. ಮೊನ್ನೆ ಮನೆಗೆ ಬಂದೆ. ನರ್ಸಮ್ಮ ದಿನಾ ಬಂದು ಗಾಯ ಒರೆಸಿ ಬಟ್ಟೆ ಕಟ್ಟುತ್ತಾರೆ.

ನಿನ್ನ ಕಾಗದಕ್ಕೆ ಎರಡು ಉತ್ತರ ಬರೆದು ಎರಡನ್ನೂ ಹರಿದೆ. ಮೊದಲನೆಯದರಲ್ಲಿ ನಿನಗೆ ಏನೇನು ಬರೆದಿದ್ದೆ ಎಂಬುದು ನಿನಗೆ ಗೊತ್ತಾಗುವುದು ಬೇಡ. ಎರಡನೆಯದರಲ್ಲಿ ಪರವಾಗಿಲ್ಲ ಬಿಡು ಎಂದು ಬರೆದಿದ್ದೆ. ಅದು ಸುಳ್ಳು. ಪರವಾಗಿದೆ. ಬೆಳಿಗ್ಗೆ ಏಳುವಾಗ ಇಲ್ಲದ ಪಾದವನ್ನು ಇನ್ನೂ ನೆಲಕ್ಕೆ ಇಳಿಬಿಡುತ್ತೇನೆ. ಆಗ ನಿನ್ನ ಮೇಲೆ ಕೋಪ ಬರುತ್ತದೆ. ಕಾಫಿ ಕುಡಿಯುವ ಹೊತ್ತಿಗೆ ಇಳಿಯುತ್ತದೆ. ಮತ್ತೆ ಮರುದಿನ.

ಆದರೆ ನಾನೂ ಒಂದನ್ನು ನುಂಗಿಕೊಂಡಿದ್ದೇನೆ. ಜನವರಿಯಲ್ಲೇ ಆ ಪಾದದಡಿ ಗಾಯ ತೆರೆದಿತ್ತು. ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು, “ಈ ಕಾಲಿಟ್ಕೊಂಡು ಪ್ರಯಾಣ ಬೇಡ. ಜನ ಸೇರೋ ಕಡೆ ಬೇಡವೇ ಬೇಡ.” ತಲೆಯಾಡಿಸಿ ಬಂದು ನಿನಗೆ ಕುರ್ಚಿ ಹಾಕು ಎಂದು ಬರೆದೆ. ಗಾಯದ ವಿಷಯ ಬರೆದಿದ್ದರೆ ನೀನು ಬಾ ಎನ್ನುತ್ತಿರಲಿಲ್ಲ. ನೀನು ಥರ್ಮಾಮೀಟರ್ ಡಬ್ಬಿಯಲ್ಲಿ ಇಟ್ಟದ್ದೂ ನಾನು ಶೂ ಒಳಗೆ ಹತ್ತಿ ತುಂಬಿದ್ದೂ ಒಂದೇ ಕೆಲಸ. ಹಾಗೆಂದು ನನಗೆ ಸಮಾಧಾನವಾಗಿಲ್ಲ. ಯಾರನ್ನು ಬೈಯಬೇಕು ಎಂಬುದೂ ಕೈತಪ್ಪಿ ಹೋಯಿತು, ಅಷ್ಟೇ.

ಮಗು ನನ್ನನ್ನು ಕರೆಯುತ್ತಿತ್ತು ಎಂಬುದನ್ನು ಮಾತ್ರ ನೀನು ಬರೆಯಬಾರದಿತ್ತು. ಅಥವಾ ಬರೆದದ್ದೇ ಸರಿ. ಗೊತ್ತಾಗುತ್ತಿಲ್ಲ.

ಅಕ್ಕ

—

ಏಪ್ರಿಲ್ 13

ಅಕ್ಕ,

ಬೈದು ಬರೆದದ್ದನ್ನು ಹರಿಯಬಾರದಿತ್ತು. ಕಳಿಸಿದ್ದರೆ ಓದಿಕೊಳ್ಳುತ್ತಿದ್ದೆ.

ಅಮ್ಮನಿಗೆ ಕಾಲಿನ ವಿಷಯ ಹೇಳಿಲ್ಲ. ಹೇಳಲು ಮೂರು ಸಲ ಅವಳ ಮುಂದೆ ಹೋಗಿ ಕೂತೆ. ಮೂರು ಸಲವೂ ಅವಳು “ದೊಡ್ಡೋಳು ಹುಷಾರಾದ್ಲಂತಾ?” ಎಂದಳು, ನಾನು ಹೂಂ ಎಂದೆ. ನಿನಗೆ ಜ್ವರ ಬಂದು ಸುಸ್ತಾಗಿದೆ ಎಂದಷ್ಟೇ ಅವಳಿಗೆ ಗೊತ್ತು. ಮೈಕಣ್ಣನಿಗೆ ಹೇಳಿದೆ. ಅವನು ಒಂದು ಮಾತೂ ಆಡದೆ ಫೋನು ಇಟ್ಟ. ಅವನು ಹಾಗೆ ಸುಮ್ಮನಾದದ್ದನ್ನು ನಾನು ಕಂಡಿಲ್ಲ.

ಇಪ್ಪತ್ತೇಳನೇ ತಾರೀಖು ಭಾನುವಾರ ನಾನೊಬ್ಬಳೇ ಬರಲೇ? ನಾಲ್ಕು ದಿನ ಮೊದಲೇ ಶಾಲೆಗೆ ರಜೆ ಹಾಕಿ ಮನೆಯಲ್ಲಿರುತ್ತೇನೆ. ದಿನಕ್ಕೆರಡು ಸಲ ಜ್ವರ ನೋಡಿಕೊಳ್ಳುತ್ತೇನೆ. ಒಂದು ಸೀನು ಬಂದರೂ ಬರುವುದಿಲ್ಲ.

ತಂಗಿ

—

ಏಪ್ರಿಲ್ 19

ತಂಗಿ,

ನರ್ಸಮ್ಮ ಬೇಡ ಎಂದರು. ಗಾಯ ಇನ್ನೂ ಕೂಡಿಲ್ಲ, ಶುಗರ್ ಹಗ್ಗದ ಮೇಲೆ ನಡೆಯುತ್ತಿದೆ, ಈಗ ಒಂದು ಜ್ವರ ಬಂದರೆ ಮೇಲೆ ಇನ್ನೂ ಕತ್ತರಿಸಬೇಕಾದೀತು ಎಂದರು. ನಾನು ಅವರಿಗೆ ಸರಿ ಎಂದೆ. ನಿನಗೆ ಬಾ ಎಂದು ಬರೆಯುತ್ತಿದ್ದೇನೆ.

ಇಡೀ ದಿನ ಗೋಡೆ ನೋಡಿಕೊಂಡು ಎಷ್ಟು ದಿನ ಇರಲಿ. ಭಯ ಇದೆ. ನಿನ್ನನ್ನು ಕಂಡರೇ ಭಯ, ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೂ ಬಾ.

ಅಕ್ಕ

—

ಏಪ್ರಿಲ್ 27, ನಿಮ್ಮೂರ ರೈಲ್ವೆ ಸ್ಟೇಷನ್

ಅಕ್ಕ,

ಇದನ್ನು ನಿಮ್ಮೂರ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ವಾಪಸ್ಸು ಹೋಗುವ ರೈಲಿಗೆ ಇನ್ನೂ ನಲವತ್ತು ನಿಮಿಷ ಇದೆ.

ಬೆಳಿಗ್ಗೆ ಮನೆ ಬಿಡುವಾಗ ಜ್ವರ ಇರಲಿಲ್ಲ. ಮೂರು ಸಲ ನೋಡಿದೆ. ರೈಲಿನಲ್ಲಿ ಮಾಸ್ಕ್ ತೆಗೆಯಲಿಲ್ಲ, ನೀರೂ ಕುಡಿಯಲಿಲ್ಲ. ಇನ್ನೆರಡು ಸ್ಟೇಷನ್ ಇರುವಾಗ ಗಂಟಲಿನಲ್ಲಿ ಏನೋ ಕೆರೆದ ಹಾಗಾಯಿತು. ಬಾಯಿ ಒಣಗಿದ್ದಕ್ಕಿರಬಹುದು. ಭಯಕ್ಕಿರಬಹುದು. ಎರಡು ಸಲ ಕೆಮ್ಮಿದೆ.

ನಿಮ್ಮ ಬೀದಿಗೆ ಬಂದೆ. ನಿಮ್ಮ ಕಟ್ಟಡದ ಗೇಟಿನವರೆಗೂ ಬಂದೆ. ಗೇಟಿನಲ್ಲಿದ್ದ ಹೆಂಗಸು “ಯಾರ ಮನೆಗಮ್ಮ?” ಎಂದಳು. ನಿನ್ನ ಮನೆ ಹೇಳಿದೆ. “ಹೋಗಿ, ಅವರು ಬೆಳಿಗ್ಗೆಯಿಂದ ಎರಡು ಸಲ ಕೇಳಿದ್ರು, ಯಾರಾದ್ರೂ ಬಂದ್ರಾ ಅಂತ,” ಎಂದಳು. ನಾನು ಚೀಲ ಅವಳ ಕೈಗೆ ಕೊಟ್ಟೆ. “ನೀವೇ ಕೊಟ್ಬಿಡಿ. ಕೈ ತೊಳ್ಕೊಂಡು ಕೊಡಿ,” ಎಂದೆ. ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು.

ಏನೂ ಇಲ್ಲದೆಯೂ ಇರಬಹುದು. ಆದರೆ ಫೆಬ್ರವರಿಯಲ್ಲೂ ಹೀಗೇ ಅಂದುಕೊಂಡಿದ್ದೆ.

ಚೀಲದಲ್ಲಿರುವುದು ಅಮ್ಮ ನಿನಗೆಂದು ಹೆಣೆದ ಕಾಲುಚೀಲ. ಬೇಡ ಎನ್ನಲು ನನ್ನಿಂದ ಆಗಲಿಲ್ಲ.

ತಂಗಿ

—

ಮೇ 2

ತಂಗಿ,

ಚೀಲ ಸಿಕ್ಕಿತು. ನೀನು ಗೇಟಿನ ಹತ್ತಿರ ಕಾಲು ಗಂಟೆ ನಿಂತಿದ್ದೆಯಂತೆ, ಆ ಹೆಂಗಸು ಹೇಳಿದಳು. ನಾನು ಒಳಗೆ ಗೋಡೆ ಹಿಡಿದು ಬಾಗಿಲವರೆಗೆ ಬರುವುದನ್ನು ಅಭ್ಯಾಸ ಮಾಡುತ್ತಿದ್ದೆ, ನಿನಗೆ ನಾನೇ ಬಾಗಿಲು ತೆಗೆಯಬೇಕೆಂದು.

ನೀನು ಮಾಡಿದ್ದು ಸರಿ. ನರ್ಸಮ್ಮನೂ ಸರಿ ಎಂದರು. ಆಮೇಲೆ ಜ್ವರ ಬಂತೇ? ಬಂದಿರಲಿ ಎಂದು ಮೂರು ದಿನ ಆಸೆಪಟ್ಟೆ. ಬಂದಿದ್ದರೆ ನೀನು ಹಾಗೆ ತಿರುಗಿ ಹೋದದ್ದಕ್ಕೆ ಒಂದು ಅರ್ಥ ಇರುತ್ತಿತ್ತು. ಒಡಹುಟ್ಟಿದವಳಿಗೆ ಜ್ವರ ಬರಲಿ ಎಂದು ಬಯಸುವ ಮಟ್ಟಕ್ಕೆ ಬಂದಿದ್ದೇನೆ ನೋಡು.

ಕಾಲುಚೀಲ ಎರಡನ್ನೂ ಇಟ್ಟುಕೊಂಡಿದ್ದೇನೆ. ಅಳತೆ ಸರಿಯಾಗಿದೆ ಎಂದು ಅಮ್ಮನಿಗೆ ಹೇಳು.

ಅಕ್ಕ

—

ಮೇ 9

ಅಕ್ಕ,

ಜ್ವರ ಬರಲಿಲ್ಲ. ಮನೆಗೆ ಬಂದು ಒಂದು ಲೋಟ ನೀರು ಕುಡಿದೆ, ಗಂಟಲು ಸರಿಹೋಯಿತು.

ಅಳತೆ ಸರಿಯಾಗಿದೆಯಂತೆ ಎಂದು ಅಮ್ಮನಿಗೆ ಹೇಳಿದೆ. ಬಹಳ ಸಂತೋಷಪಟ್ಟಳು. ಇನ್ನೊಂದು ಜೊತೆ ಶುರು ಮಾಡಿದ್ದಾಳೆ.

ತಂಗಿ